ರೋಬೋಟ್ ಎತ್ತಿದ ಕೈ

ಲಕ್ವ ಹೊಡೆದವರ ಕೈಗೆ ರೋಬೋಟ್‌ನಿಂದ ವ್ಯಾಯಾಮ ಮಾಡಿಸುವ ಕೋಣೆ ಅದು. ಅಪ್ಪನನ್ನು ಮೊದಲ ಸಲ ಒಳಗೆ ಬಿಟ್ಟು ಬಂದ ಮಗಳು ಹೊರಗಿನ ಬೆಂಚಿನ ಮೇಲೆ ಜೀವ ಬಿಗಿಹಿಡಿದು ಕೂತಿದ್ದಳು. ಪಕ್ಕದಲ್ಲಿ ಒಬ್ಬ ಕ್ಷೌರಿಕನೂ ಅವನ ಹೆಂಡತಿಯೂ ಸರದಿ ಕಾಯುತ್ತಿದ್ದರು. ಅವನ ಬಲಗೈ ಯಾರೋ ಮರೆತುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಬೇಡವೆಂದರೂ ಗಂಡ ಹೆಂಡತಿಯ ಮಾತು ಮಗಳ ಕಿವಿಗೆ ಬೀಳುತ್ತಿತ್ತು.

"ನಾನು ಬಾಗಿಲಿಗೆ ಬಂದಾಗೆಲ್ಲ, ರೋಬೋಟ್ ಕೈ ಎತ್ತೋ ಜೋರು ಹೆಚ್ಚು ಮಾಡಿ ಅಂತಿದ್ರಂತೆ ನೀವು. ಆ ಥೆರಪಿ ಹುಡುಗಿ ಹೇಳಿದ್ಳು."

"ಅವಳ ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ."

"ಅಂದ್ರೆ ಕೈ ಎತ್ತಿದ್ದು ನೀವಲ್ಲ, ಅದು."

"ನಾನೂ ಒಂಚೂರು ಎತ್ತುತ್ತಿದ್ದೆ ಕಣೇ."

"ಅದನ್ನ ನಂಬಿ ನಿಮ್ಮ ತಮ್ಮನಿಗೆ ಹೇಳಿಬಿಟ್ಟೆ ರೀ. ಅಂಗಡಿ ಯಾರಿಗೂ ಕೊಡಬೇಡ, ಇವರೇ ಬಂದು ಕತ್ತರಿ ಹಿಡೀತಾರೆ ಅಂತ."

"ಕೈ ಮೇಲೆ ಹೋದಾಗ ನಿನ್ನ ಮುಖ ಅರಳ್ತಿತ್ತು. ಅದಕ್ಕೇ."

"ಸುಡುಗಾಡು ಮುಖ! ಹಾಗಾದ್ರೆ ಆ ರೋಬೋಟ್‌ಗೇ ಕ್ಷೌರ ಕಲಿಸಿಬಿಡಿ."

ಅವನು ಅರ್ಧ ಬಾಯಲ್ಲಿ ನಕ್ಕ. ಹೆಂಡತಿ ನಗಲಿಲ್ಲ. ಒಳಗಿನಿಂದ ಅವನಿಗೆ ಕರೆ ಬಂತು.

"ನೀನು ಇಲ್ಲೇ ಕೂತಿರು."

"ಬರ್ತೀನಿ. ಇವತ್ತು ಅದರ ಜೋರು ಕಮ್ಮಿ ಮಾಡಿಸಿ."

"ಕೈ ಏಳದೇ ಹೋದ್ರೆ?"

"ಏಳದೇ ಇರೋದನ್ನೂ ನಾನು ನೋಡಬೇಕಲ್ಲ ರೀ. ಒಬ್ಬರೇ ಎಷ್ಟು ದಿನ ನೋಡ್ತೀರಿ?"

ಅವನು ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಎದ್ದ. ಇಬ್ಬರೂ ಒಳಗೆ ಹೋದರು.