ಮುಂದಿನ ಚಕ್ರದ ಬಿಲ್ಲೆ

ನಗ್ದೆ ಏನ್ಮಾಡ್ಲಿ ಅತ್ತಿಗೆ? ಹಿಂದಿನ ಚಕ್ರ ಗಿರ್ರಂತ ಕೆಸರು ಎರಚ್ತಾ ಇದೆ, ಮುಂದಿನವು ಹೊರೆ ಹೊತ್ತು ಸತ್ತ ಲಾಮಾ ಪ್ರಾಣಿ ಥರ ಬಿದ್ಕೊಂಡಿವೆ! ಸಾಕು, ಸಾಕು, ಆ್ಯಕ್ಸಿಲರೇಟರ್ ಬಿಡಿ! ಇನ್ನೂ ಹೂತ್ಕೊಳುತ್ತೆ... ಇಳೀರಿ. ಲಂಗ ಎತ್ತಿ ಕಟ್ಕೊಂಡು ಇಳೀರಿ.

ಅಗೋ, ದಂಡೆ ಮೇಲೆ ಡ್ರೈವರ್ ಸಂಘದೋರೆಲ್ಲ ಕೋಕಾ ಎಲೆ ಜಗೀತಾ ನಿಂತಿದಾರೆ. ಅಧ್ಯಕ್ಷ ಎಲೂತೆರಿಯೋ ಏನಂದ? "ಸಬೀನಾ ಈ ಕೆಸರು ದಾಟಿ ಉಪ್ಪಿನ ಬಯಲು ಮುಟ್ಟಿದ್ರೆ ಸಂಘದಲ್ಲಿ ಗಾಡಿ ಓಡಿಸೋ ಸತ್ತ ಗಂಡನ ಪಾಳಿ ಅವಳಿಗೆ. ಇಲ್ಲಾಂದ್ರೆ ಅವನ ತಮ್ಮ ನಿಕಾನೋರ್‌ಗೆ." ಅಂದ್ರೆ ನನಗೆ. ನಾನೇನು ಕೇಳಿದ್ನಾ? ಇಲ್ಲಪ್ಪ! ಮಳೆಗಾಲದಲ್ಲಿ ಪ್ರವಾಸಿಗಳನ್ನ ಬಯಲು ದಾಟಿಸೋದು ಅಂದ್ರೆ ಸಂತೇಲಿ ಆಲೂಗಡ್ಡೆ ಗುಡ್ಡೆ ಹಾಕ್ಕೊಂಡು ಕೂತ ಹಾಗಲ್ಲ ಅಂದೆ, ಅಷ್ಟೇ.

ಏನು, ಗೇರಾ? ಹಾಕಿದೀರಿ, ನೋಡ್ದೆ. ನಾಲ್ಕು ಚಕ್ರದ ಗೇರು ಹಾಕಿದ್ರೂ ಎರಡೇ ತಿರುಗ್ತಿವೆ ಅಂದ್ರೆ ಗೇರ್ ಪೆಟ್ಟಿಗೆ ಒಳಗೆ ಮುರಿದಿದೆ. ಮುದಿ ಜೀಪು, ಉಪ್ಪು ತಿಂದು ತಿಂದು ಒಳಗೆಲ್ಲ ಪೊಳ್ಳು. ಆದ್ರೂ ಗಾಡಿ ತಪ್ಪು ಅನ್ನಬೇಡಿ ಮತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಏನು ಆ ಕೈಸನ್ನೆ? ನಾನು ಕೂತ್ಕೊಂಡು ಆ್ಯಕ್ಸಿಲರೇಟರ್ ಒತ್ತಬೇಕಾ? ನೀವು ಬಗ್ಗಿ ನೋಡ್ತೀರಾ? ಓಹೋಹೋ... ಮೇಸ್ತ್ರಿಯಮ್ಮ! ಸರಿ, ಒತ್ದೆ. ಏನ್ ಕಾಣ್ತು, ಪಾತಾಳಾನಾ? ಪೆಟ್ಟಿಗೆಯಿಂದ ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟ್ ತಿರುಗ್ತಾ ಇದೆಯಾ?

...ತಿರುಗಲಿ ಬಿಡಿ. ಶಾಫ್ಟ್ ತಿರುಗಿದ್ರೆ ಪೆಟ್ಟಿಗೆ ಚೆನ್ನಾಗಿದೆ ಅಂತಲಾ? ಇರಬಹುದಪ್ಪ. ಹಾಗಾದ್ರೆ ಬೇರೆ ಏನೋ ಹೋಗಿದೆ. ಆಕ್ಸಲ್ಲು... ಹಲ್ಲು... ಸಾವಿರ ಇರುತ್ತೆ!

ಚಕ್ರದ ಹತ್ತಿರ ಯಾಕೆ ಕೂತ್ರಿ? ನಡುವಿನ ಬಿಲ್ಲೆನಾ? ಅದನ್ನ ಕೈಯಲ್ಲಿ ತಿರುಗಿಸಿ ಕಚ್ಚಿಸದೆ ಇದ್ರೆ ಮುಂದಿನ ಚಕ್ರ ತಿರುಗಲ್ಲ ಅಂತ ನನಗೇ ಪಾಠ ಹೇಳ್ತೀರಾ? ಅದನ್ನ ನೋಡೋದೇ ಬೇಡ. ನಿನ್ನೆ ಕಾರ್ನಿವಾಲ್ ಮಂಗಳವಾರ, ಗಾಡಿಗೆ ಚಾಲ್ಯ ಪೂಜೆ ಮಾಡೋಕ್ಮುಂಚೆ ನೀವೇ ಎರಡೂ ಕಚ್ಚಿಸಿದ್ರಿ. ನಾನೇ ಸಾಕ್ಷಿ. ಆಮೇಲೆ ಬಿಯರ್ ಚಿಮುಕಿಸಿ ಬಣ್ಣದ ಕಾಗದದ ಚೂರು ಎರಚಿದ್ವಿ, ಚಕ್ರದ ಮೇಲೆಲ್ಲ ಅಂಟ್ಕೊಂತು. ಭಾನುವಾರದ ತನಕ ಒಂದು ಚೂರೂ ಕೀಳಬಾರದು, ಭೂತಾಯಿ ಪಚಮಾಮ ಮುನಿಸ್ಕೋತಾಳೆ. ಯಾರು ಮುಟ್ತಾರೆ? ರಾತ್ರಿಯೆಲ್ಲ ಅಂಗಳದಲ್ಲಿ ನಾನೇ ಕಾವಲು! ನಾಯಿ ಕೂಡ ಹತ್ತಿರ ಸುಳಿದಿಲ್ಲ.

ಏನು ಹಾಗೆ ದಿಟ್ಟಿಸ್ತಿದೀರಿ?

ಕಾಗದ ಹರಿದಿದೆಯಾ? ಎಲ್ಲಿ... ಬಿಲ್ಲೆ ಸುತ್ತಾನಾ? ದುಂಡಗೆ? ಅಲ್ಲ, ಅದು... ದಾರೀಲಿ ಉದುರಿರುತ್ತೆ. ಗಾಳಿ. ಗಾಳಿಗೆ ದುಂಡಗೆ ಹರಿಯಲ್ವಾ? ಮಿಕ್ಕಿದ್ದೆಲ್ಲ ಹಾಗೇ ಅಂಟ್ಕೊಂಡಿದೆ... ಹೌದು, ಕಾಣ್ತಾ ಇದೆ ನನಗೂ.

ಕೈ ಯಾಕೆ ಜೇಬಿಗೆ ಹಾಕ್ಕೊಂಡೆ ಅಂತಲಾ? ಚಳಿ ಅತ್ತಿಗೆ! ಮನುಷ್ಯನಿಗೆ ಚಳಿಯಾಗಬಾರದಾ?

ತಿರುಗಿಸಿಬಿಟ್ರಾ. ಟಕ್ ಅಂತು. ಸರಿ, ಕಚ್ಕೊಂತು... ಒಂದಾಯ್ತು. ಏನಾದ್ರೂ ಅನ್ನಿ. ಬಯ್ಯಿರಿ! ಅಲ್ಲಿ ನಿಂತವರಿಗೆ ಕೇಳೋ ಹಾಗೆ ಬಯ್ಯಿರಿ ಬೇಕಾದ್ರೆ... ಹೀಗೆ ಬಾಯಿ ಮುಚ್ಕೊಂಡು ನೋಡಬೇಡಿ. ಅಣ್ಣ ಬದುಕಿದ್ದಾಗಲೂ ನೀವು ಹೀಗೇ, ಕೂಗಾಡಿದ್ರೆ ತಡ್ಕೋಬಹುದಿತ್ತು. ಸ್ಟೀರಿಂಗ್ ಹಿಡಿಯೋಕೆ ನನಗೆ ಕಲಿಸಿದೋನು ಅವನು. ಅವನ ಪಾಳಿ ನನಗೆ ಸಿಗಬೇಕಾದ್ದು... ನಿಮಗೆ ಕಲಿಸಿದ್ದು ಯಾವಾಗ? ನನಗೆ ಹೇಳಲೇ ಇಲ್ಲವಲ್ಲ ಅವನು!

ಒಳಗೆ ಕೂತ್ರಾ? ಇನ್ನೇನು, ಹೊರಡಿ. ಹೊರಡ್ರೀ... ಯಾಕೆ ನಿಂತ್ರಿ? ಆ ಕಡೆ ಚಕ್ರ ತೋರಿಸ್ತೀರಲ್ಲ... ನಾನಾ? ಈ ಕೆಸರಲ್ಲಿ ಮಂಡಿಯೂರಿ? ಎಲ್ಲರೂ ನೋಡ್ತಿದಾರೆ ಅತ್ತಿಗೆ! ನಾಳೆ ಊರೆಲ್ಲ ಅದೇ ಮಾತು...

...ಸರಿ. ಕೂತೆ. ಬಲಕ್ಕೆ ತಿರುಗಿಸಬೇಕು ಅಂತ ಬೆರಳು ತೋರಿಸಬೇಡಿ, ನನಗೆ ಗೊತ್ತು. ರಾತ್ರಿ ಎಡಕ್ಕೆ ತಿರುಗಿಸಿದೋನು ನಾನೇ ಅಲ್ವಾ.