ಸಾಕಪ್ಪ

ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅಲುಗಾಡದೆ ನಿಂತಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಯುವಕ, ಕಿಟಕಿಯ ಪಕ್ಕ ಏಳೆಂಟು ವರ್ಷದ ಹುಡುಗಿ. ಮೋಸಗಾರನೊಬ್ಬ ಅನಾಥ ಹುಡುಗಿಯೊಂದಿಗೆ ಊರೂರು ಸುತ್ತುವ ಹಳೆಯ ಹಾಸ್ಯ ಸಿನಿಮಾ ನೋಡಿ ಬರುತ್ತಿದ್ದರು. ಯುವಕ ನಿಪ್ಪಟ್ಟಿನ ಪೊಟ್ಟಣವನ್ನು ಸುಮ್ಮನೆ ಬಿಚ್ಚುತ್ತಿದ್ದ, ಮಡಿಸುತ್ತಿದ್ದ.

“ಅಂಕಲ್, ಅವ್ನು ಎಲ್ರ ಹತ್ರಾನೂ ‘ಇವ್ಳು ನನ್ ಮಗ್ಳು’ ಅಂತಾನಲ್ಲ, ಅದೂ ಸುಳ್ಳಾ?”

“ಮೊದ್ಲು ಸುಳ್ಳು. ಆಮೇಲೆ ಅಲ್ಲ ಕಣೇ ಸಂಹಿತಾ.”

“ಯಾವಾಗಿಂದ ಅಲ್ಲ?”

“ಅದನ್ನ ಆ ಹುಡ್ಗೀನೇ ಹೇಳ್ಬೇಕು. ತಗೋ, ಇನ್ನೊಂದು ನಿಪ್ಪಟ್ಟು.”

“ಸಾಕಪ್ಪಾ!”

“ಏನಂದೆ?”

“ಸಾಕು ಅಂದೆ.”

“ಅಲ್ಲ, ಕೊನೇಲಿ ಇನ್ನೇನೋ ಅಂದ್ಯಲ್ಲ.”

“ಅದಾ? ಅದು ಎಲ್ರಿಗೂ ಅಂತಾರೆ. ಅಮ್ಮ ಆಟೋದವ್ರಿಗೂ ‘ಮೀಟರ್ ಹಾಕಪ್ಪಾ’ ಅಂತಾಳೆ.”

“ಗೊತ್ತು. ನಮ್ ಮದ್ವೆಗೆ ಮುಂಚೆ ನಿಮ್ಮಮ್ಮ ನಂಗೂ ‘ಹೋಗಪ್ಪಾ’ ಅಂತಿದ್ಲು.”

ಹುಡುಗಿ ನಕ್ಕಳು. ಅವನು ನಗಲಿಲ್ಲ.

“ಬೇಜಾರಾಯ್ತಾ ಅಂಕಲ್?”

“ಇಲ್ಲ. ಒಂದ್ ಕ್ಷಣ ನಂಗೇ ಅಂದೆ ಅಂದ್ಕೊಂಡೆ.”

“ನಿಮ್ಗೇ ಅಂದಿದ್ದು. ಆದ್ರೆ ಎಲ್ರಿಗೂ ಅಂದಂಗೆ.”

ಬಸ್ಸು ಕೊನೆಗೂ ಮುಂದಕ್ಕೆ ಜಗ್ಗಿತು. ಅವರು ಇಳಿಯಬೇಕಿದ್ದ ಬ್ಯಾಟರಾಯನಪುರ ಇನ್ನೂ ದೂರವಿದ್ದರೂ ಅವನು ಎದ್ದು ನಿಂತು, ಅವಳಿಗೆ ಕೈ ಚಾಚಿದ.

“ಸದ್ಯಕ್ಕೆ ಅಷ್ಟು ಸಾಕಮ್ಮ,” ಎಂದ. ಇಬ್ಬರೂ ಬಾಗಿಲ ಕಡೆಗೆ ನಡೆದರು.