ಸೊಸೆ ಕರೆಯುವ ಹೆಸರು

ಇಂಡಿಯಿಂದ ಹೊರ್ತಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು.

“ಚಂದವ್ವ, ನಿನ್ನ ಎಸ್ಟೋನಿಯಾದ ಸೊಸಿ ಗಂಡನ ಹೆಸರು ಹಿಡದು ಕರೀತಾಳಂತ?”

“ಕರೀತಾಳ. ಆದ್ರ ‘ಸಂಗು’ ಅನ್ನಂಗಿಲ್ಲ, ‘ಸಂಕು’ ಅಂತಾಳ. ಅವರ ಭಾಷಾದಾಗ ‘ಗ’ ಅಂದ್ರೂ ‘ಕ’ ಅಂದಂಗ ಕೇಳಸ್ತೈತಿ.”

“ನೀ ಬೈಯಂಗಿಲ್ಲೇನು?”

“ಯಾಕ ಬೈಲಿ? ‘ಸಂಕು’ ನನ್ನ ಮಗನ ಹೆಸರ ಅಲ್ಲಲ್ಲ!”

“ಭಾರಿ ನ್ಯಾಯ ಬಿಡು! ನೀ ಮಾತ್ರ ನಿನ್ನ ಗಂಡ ಸೋಮನಿಂಗಣ್ಣಗ ಜನ್ಮೆಲ್ಲಾ ‘ಏನ್ರಿ’ ಅಂತನ ಕರದಿ.”

ಹೊರ್ತಿಯಲ್ಲಿ ಬಸ್ಸು ನಿಂತಿತು. ಚಂದವ್ವ ಇಳಿದು, ಚಹಾ ಅಂಗಡಿಯ ಕಡೆ ನೋಡಿ “ಏನ್ರಿ!” ಎಂದಳು. ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಅವಳ ಗಂಡನೊಬ್ಬನನ್ನು ಬಿಟ್ಟು.

ಅವಳು ಸೆರಗು ಸರಿಮಾಡಿಕೊಂಡಳು.

“ಸೋಮನಿಂಕಾ, ಚೀಲ ಹಿಡೀರಿ!”